ಹೊಸ ಕ್ಯಾನ್ಸರ್ ಚಿಕಿತ್ಸೆಗಳಿಂದ ರೋಗಿಗೆ ನಿಜವಾಗಿ ಏನು ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳು, ಅವರ ಮನೆಯವರು ಮತ್ತು ಪತ್ರ ಬರೆಯುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ರೋಗಿಯ ಚಿಕಿತ್ಸೆಯನ್ನು ತೀರ್ಮಾನಿಸಬೇಕಾದವರು ಅವರನ್ನು ಪರೀಕ್ಷಿಸಿದ ವೈದ್ಯರೇ. ಆ ವೈದ್ಯರ ಎದುರು ಕುಳಿತಾಗ ಏನನ್ನು ಕೇಳಬೇಕು ಎಂಬುದು ಮೊದಲೇ ತಿಳಿದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಇಷ್ಟೊಂದು ಹೊಸ ಔಷಧಿ ಬಂದಿದೆ ಅಂತಾರೆ, ಹಾಗಾದರೆ ಈಗ ಕ್ಯಾನ್ಸರ್ ಪೂರ್ತಿ ವಾಸಿಯಾಗುತ್ತದಾ?

ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲದ ಕಾರಣ ಇದಕ್ಕೆ ಒಂದೇ ಉತ್ತರ ಇಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ 1960ರ ದಶಕದ ಆರಂಭದವರೆಗೂ ಹತ್ತು ಮಕ್ಕಳಲ್ಲಿ ಒಂದು ಮಗು ಬದುಕುಳಿಯುವುದೂ ಕಷ್ಟವಿತ್ತು. ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಇದನ್ನು ಸಾಧಿಸಿದ್ದು ಯಾವುದೋ ಒಂದು ಪವಾಡದ ಔಷಧಿಯಲ್ಲ. ಹಳೆಯ ಕಿಮೋ ಔಷಧಿಗಳನ್ನೇ ಯಾವ ಕ್ರಮದಲ್ಲಿ, ಯಾವ ಪ್ರಮಾಣದಲ್ಲಿ, ಎಷ್ಟು ಕಾಲ ಕೊಡಬೇಕೆಂಬುದನ್ನು ದಶಕಗಳ ಕಾಲ ಪರೀಕ್ಷಿಸಿ ಕಂಡುಕೊಂಡದ್ದರ ಫಲ ಅದು. ಇದಕ್ಕೆ ವಿರುದ್ಧವಾಗಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಹರಡಿದ ಮೇಲೆ ಗುಣವಾಗುವುದು ಇವತ್ತಿಗೂ ಅಪರೂಪ.

ಭಾರತದಲ್ಲಿ ಅದೇ ಲ್ಯುಕೇಮಿಯಾದ ಮಕ್ಕಳ ಫಲಿತಾಂಶ ಹಿಂದೆ ಉಳಿದಿದ್ದರೆ ಅದಕ್ಕೆ ಔಷಧಿ ಇಲ್ಲದಿರುವುದು ಮುಖ್ಯ ಕಾರಣವಲ್ಲ. ಕಾಯಿಲೆಯನ್ನು ತಡವಾಗಿ ಗುರುತಿಸುವುದು, ಚಿಕಿತ್ಸೆಯ ನಡುವೆ ತಗಲುವ ಸೋಂಕುಗಳು, ಹಣ ಮುಗಿದು ಅರ್ಧಕ್ಕೇ ಊರಿಗೆ ಮರಳುವ ಕುಟುಂಬಗಳು, ಇವು ದೊಡ್ಡ ಕಾರಣಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿತು ಮತ್ತು ಸುಮಾರು 9 ಲಕ್ಷ ಜನ ಅದರಿಂದ ತೀರಿಕೊಂಡರು. ಈ ಸಾವುಗಳಲ್ಲಿ ಗಣನೀಯ ಭಾಗವನ್ನು ಈಗಾಗಲೇ ಕೈಯಲ್ಲಿರುವ ಚಿಕಿತ್ಸೆಯಿಂದಲೇ ತಡೆಯಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಈ ಪುಟದ ಹೆಚ್ಚಿನ ಉತ್ತರಗಳ ಹಿಂದೆ ಆ ಅಭಿಪ್ರಾಯವಿದೆ.

ಸೂಜಿ ಚುಚ್ಚಿ ಬಯಾಪ್ಸಿ ಮಾಡಿಸಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದಂತೆ, ನಿಜವೇ?

ನಿಜವಲ್ಲ. ಕೆಲವೇ ಅಂಗಗಳ ಗಡ್ಡೆಗಳಲ್ಲಿ ವೈದ್ಯರು ಬಯಾಪ್ಸಿಯ ದಾರಿಯನ್ನು ವಿಶೇಷ ಎಚ್ಚರದಿಂದ ಆರಿಸುತ್ತಾರೆ, ಅಷ್ಟೆ. ಬಯಾಪ್ಸಿ ಮಾಡಿಸಿದ ಮೇಲೆ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡಿದವರಲ್ಲಿ ಕಾಯಿಲೆ ತನ್ನ ಪಾಡಿಗೆ ಬೆಳೆದಿರುತ್ತದೆ, ದೂರು ಮಾತ್ರ ಸೂಜಿಯ ಮೇಲೆ ಬರುತ್ತದೆ. ಗಡ್ಡೆಯ ತುಣುಕನ್ನು ಪರೀಕ್ಷಿಸದೆ ಈಗಿನ ಹೆಚ್ಚಿನ ಹೊಸ ಔಷಧಿಗಳನ್ನು ಸರಿಯಾಗಿ ಆರಿಸಲು ಸಾಧ್ಯವಿಲ್ಲ.

ಕಿಮೋ, ಟಾರ್ಗೆಟೆಡ್ ಥೆರಪಿ, ಇಮ್ಯುನೋಥೆರಪಿ, ಇವುಗಳಲ್ಲಿ ವ್ಯತ್ಯಾಸ ಏನು?

ಕಿಮೋ ಔಷಧಿ ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನೆಲ್ಲ ಕೊಲ್ಲುತ್ತದೆ. ಕೂದಲಿನ ಬುಡ, ಬಾಯಿಯ ಒಳಪದರ ಮತ್ತು ಮೂಳೆಮಜ್ಜೆಯ ಕೋಶಗಳೂ ವೇಗವಾಗಿ ವಿಭಜನೆಯಾಗುವುದರಿಂದ ಕೂದಲು ಉದುರುವುದು, ಬಾಯಿಹುಣ್ಣು ಮತ್ತು ಸೋಂಕಿನ ಅಪಾಯ ಉಂಟಾಗುತ್ತವೆ. ಟಾರ್ಗೆಟೆಡ್ ಔಷಧಿ ಕ್ಯಾನ್ಸರ್ ಕೋಶದೊಳಗೆ ಅಥವಾ ಅದರ ಮೇಲ್ಮೈಯಲ್ಲಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ತಡೆಯುತ್ತದೆ. ಆ ಪ್ರೋಟೀನ್ ನಿಮ್ಮ ಗಡ್ಡೆಯಲ್ಲಿ ಇಲ್ಲದಿದ್ದರೆ ಔಷಧಿ ಎಷ್ಟೇ ಹೊಸದಾದರೂ ಪ್ರಯೋಜನವಿಲ್ಲ. ಇಮ್ಯುನೋಥೆರಪಿ ಕ್ಯಾನ್ಸರನ್ನು ನೇರವಾಗಿ ಮುಟ್ಟುವುದಿಲ್ಲ. ದೇಹದ ರೋಗನಿರೋಧಕ ಕೋಶಗಳು ಕ್ಯಾನ್ಸರಿನ ಮೇಲೆ ಎರಗದಂತೆ ಹಾಕಲಾಗಿರುವ ತಡೆಯನ್ನು ಅದು ತೆಗೆಯುತ್ತದೆ. ಈ ತಡೆಯ ಗುಟ್ಟನ್ನು ಬಿಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂದಿತು. ತಡೆ ತೆಗೆದಾಗ ಕೆಲವರಲ್ಲಿ ನಿರೋಧಕ ಕೋಶಗಳು ಥೈರಾಯ್ಡ್, ಶ್ವಾಸಕೋಶ, ಕರುಳುಗಳ ಮೇಲೂ ದಾಳಿ ಮಾಡುತ್ತವೆ. ಆದ್ದರಿಂದ ಇಮ್ಯುನೋಥೆರಪಿಗೆ ಅಡ್ಡ ಪರಿಣಾಮ ಇಲ್ಲ ಎಂಬ ಮಾತನ್ನು ನಂಬಬೇಡಿ. ಹೊಸದಾಗಿ ಶುರುವಾದ ಕೆಮ್ಮು, ದಮ್ಮು ಅಥವಾ ನಿಲ್ಲದ ಭೇದಿಯನ್ನು ಅದೇ ದಿನ ವೈದ್ಯರಿಗೆ ತಿಳಿಸಬೇಕು.

## ಮಾತ್ರೆ, ಪರೀಕ್ಷೆ, ಆಪರೇಷನ್

ಬರೀ ಮಾತ್ರೆ ತಗೊಂಡು ಬ್ಲಡ್ ಕ್ಯಾನ್ಸರ್ ಇರುವವರು ಆರಾಮಾಗಿ ಕೆಲಸಕ್ಕೆ ಹೋಗ್ತಾರಂತೆ, ಹೌದಾ?

ಹೌದು, ಒಂದು ಬಗೆಯ ರಕ್ತದ ಕ್ಯಾನ್ಸರಿನ ಮಟ್ಟಿಗೆ ಇದು ಅಕ್ಷರಶಃ ಸತ್ಯ. ಚಿಕಿತ್ಸೆಯಲ್ಲಿನ ಪ್ರಗತಿ ರೋಗಿಯ ಬದುಕನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಆಸ್ಪತ್ರೆಯ ಭಾಷೆಯಲ್ಲಿ ಸಿಎಂಎಲ್, ಬಿಳಿ ರಕ್ತಕಣಗಳು ಅಂಕೆಯಿಲ್ಲದೆ ಹೆಚ್ಚುವ ಕಾಯಿಲೆ. ಈ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಗಿಡ್ಡವಾದ ಒಂದು ವರ್ಣತಂತು ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಇಬ್ಬರು ವಿಜ್ಞಾನಿಗಳು ಗುರುತಿಸಿದರು. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲು ಬದಲಾಗಿರುವುದೇ ಇದಕ್ಕೆ ಕಾರಣ ಎಂದು 1973ರಲ್ಲಿ ಅಮೆರಿಕದ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಕೋಶಕ್ಕೆ ಬಿಡುವಿಲ್ಲದೆ ವಿಭಜನೆಯ ಆಜ್ಞೆ ಕೊಡುತ್ತಿರುತ್ತದೆ. ಇದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಈ ಕಾಯಿಲೆಯವರಿಗೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಇಲ್ಲವೇ ಮೂಳೆಮಜ್ಜೆಯ ಕಸಿ. ಬಹುತೇಕರ ಆಯುಷ್ಯವನ್ನು ಕೆಲವೇ ವರ್ಷಗಳಲ್ಲಿ ಎಣಿಸಬೇಕಾಗಿತ್ತು. ಇಮ್ಯಾಟಿನಿಬ್‌ನಿಂದಲೇ ಚಿಕಿತ್ಸೆ ಆರಂಭಿಸಿದವರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ ಶೇ. 83ರಷ್ಟು ಜನ ಹತ್ತು ವರ್ಷದ ಬಳಿಕವೂ ಬದುಕಿದ್ದರು.

ಆದರೆ ಮಾತ್ರೆ ಕಂಡುಹಿಡಿದ ಮಾತ್ರಕ್ಕೆ ಅದು ನಮ್ಮ ರೋಗಿಗಳ ಕೈಗೆ ಬರಲಿಲ್ಲ. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಇಮ್ಯಾಟಿನಿಬ್ ಭಾರತದಲ್ಲಿ ತಿಂಗಳಿಗೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಆಗುತ್ತಿದ್ದಾಗ, ಭಾರತೀಯ ಕಂಪನಿಗಳ ಅದೇ ಔಷಧಿ ಎಂಟು ಹತ್ತು ಸಾವಿರಕ್ಕೆ ದೊರೆಯುತ್ತಿತ್ತು. ಪೇಟೆಂಟ್ ಕೊಡಬೇಕೆಂದು ಕಂಪನಿ ಹೂಡಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಹಳೆಯ ಔಷಧಿಯ ಹೊಸ ರೂಪ ಹೆಚ್ಚು ಪರಿಣಾಮಕಾರಿ ಎಂದು ಸಾಬೀತಾಗದ ಹೊರತು ಅದಕ್ಕೆ ಪೇಟೆಂಟ್ ಇಲ್ಲ ಎನ್ನುವ ಭಾರತದ ಪೇಟೆಂಟ್ ಕಾಯ್ದೆಯ ಕಲಮು 3(ಡಿ) ಅಲ್ಲಿ ಉಳಿಯಿತು. ಸಾವಿರಾರು ಕುಟುಂಬಗಳ ಮಟ್ಟಿಗೆ ಪ್ರಯೋಗಾಲಯದ ಆವಿಷ್ಕಾರದಷ್ಟೇ ಮಹತ್ವ ಆ ತೀರ್ಪಿಗೂ ಇತ್ತು. ಬದುಕುಳಿಯುವ ಪ್ರಮಾಣವನ್ನು ವಿಜ್ಞಾನ ಎಷ್ಟು ನಿರ್ಧರಿಸುತ್ತದೋ ಬೆಲೆಯೂ ಅಷ್ಟೇ ನಿರ್ಧರಿಸುತ್ತದೆ.

ರಿಪೋರ್ಟ್ ನಾರ್ಮಲ್ ಬಂದಿದೆ. ಇನ್ನಾದರೂ ಮಾತ್ರೆ ನಿಲ್ಲಿಸಬಹುದಾ?

ನೀವಾಗಿಯೇ ನಿಲ್ಲಿಸಬಾರದು. ಸಿಎಂಎಲ್‌ನಲ್ಲಿ ಸಾಮಾನ್ಯ ರಕ್ತಪರೀಕ್ಷೆ ಸರಿಹೋಗುವುದು ಮೊದಲ ಮೆಟ್ಟಿಲು ಮಾತ್ರ. ಬಿಸಿಆರ್-ಎಬಿಎಲ್ ಪ್ರಮಾಣವನ್ನು ಅಳೆಯುವ ಪಿಸಿಆರ್ ಪರೀಕ್ಷೆಯಲ್ಲಿ ಅದು ಎಷ್ಟು ಇಳಿದಿದೆ ಎಂಬುದು ಮುಖ್ಯ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೇ. 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ ಶೇ. 94 ಜನರಿಗೆ ಈ ಮಟ್ಟ ಚೆನ್ನಾಗಿ ಇಳಿದಿತ್ತು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಆ ಪ್ರಮಾಣ ಶೇ. 28 ಮಾತ್ರ. ಶೇ. 90 ಎಂದರೆ ಮೂವತ್ತು ದಿನಗಳಲ್ಲಿ ಮೂರು ಮಾತ್ರೆ ತಪ್ಪುವುದು. ಹಬ್ಬ, ಮದುವೆ, ಊರಿಗೆ ಹೋದದ್ದು, ಔಷಧಿ ಅಂಗಡಿಯಲ್ಲಿ ಸ್ಟಾಕ್ ಇಲ್ಲದ್ದು, ಇಷ್ಟು ಸಾಕು ಮೂರು ದಿನ ತಪ್ಪಲು.

ಹಾಗೆಂದು ಬದುಕಿಡೀ ನುಂಗಲೇಬೇಕು ಎಂದೂ ಇಲ್ಲ. ಹಲವು ವರ್ಷ ಚಿಕಿತ್ಸೆ ಪಡೆದು, ಸೂಕ್ಷ್ಮ ಪರೀಕ್ಷೆಯಲ್ಲೂ ಕಾಯಿಲೆಯ ಸುಳಿವು ಕನಿಷ್ಠ ಎರಡು ವರ್ಷ ಸಿಗದೇ ಇದ್ದವರಲ್ಲಿ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲಿ ಸುಮಾರು ಶೇ. 40 ಜನರಿಗೆ ಕಾಯಿಲೆ ಮರುಕಳಿಸಲಿಲ್ಲ. ಮರುಕಳಿಸಿದವರಲ್ಲಿ ಹೆಚ್ಚಿನವರಿಗೆ ಅದು ಮೊದಲ ಆರು ತಿಂಗಳಲ್ಲೇ ಕಾಣಿಸಿತು, ಮಾತ್ರೆ ಮತ್ತೆ ಆರಂಭಿಸಿದಾಗ ಹಿಡಿತಕ್ಕೂ ಬಂದಿತು. ಮೊದಮೊದಲು ಪ್ರತಿ ತಿಂಗಳು ಪಿಸಿಆರ್ ಮಾಡಿಸಲು ಸಾಧ್ಯವಿರುವ ಕಡೆ ಮಾತ್ರ ಇದು ಸುರಕ್ಷಿತ. ಗರ್ಭ ಧರಿಸಲು ಬಯಸುವ ಹೆಣ್ಣುಮಕ್ಕಳು ಈ ಮಾತನ್ನು ಮೊದಲೇ ವೈದ್ಯರೊಂದಿಗೆ ಆಡಬೇಕು, ಏಕೆಂದರೆ ಇಮ್ಯಾಟಿನಿಬ್ ಭ್ರೂಣಕ್ಕೆ ಹಾನಿ ಮಾಡಬಹುದು.

ಔಷಧಿ ಶುರು ಮಾಡುವ ಮೊದಲೇ ಜೀನ್ ಟೆಸ್ಟ್ ಅಂತ ಇಷ್ಟು ದುಡ್ಡು ಯಾಕೆ ಖರ್ಚು ಮಾಡಿಸ್ತಾರೆ?

ಶ್ವಾಸಕೋಶದ ಕ್ಯಾನ್ಸರಿಗೆ ಬಳಸುವ ಜೆಫಿಟಿನಿಬ್ ಮಾತ್ರೆಯ ಬಗ್ಗೆ ಏಷ್ಯಾದ ರೋಗಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದ್ದವರಲ್ಲಿ ಶೇ. 71 ಜನರ ಗಡ್ಡೆ ಈ ಮಾತ್ರೆಗೆ ಕುಗ್ಗಿತು. ಬದಲಾವಣೆ ಇಲ್ಲದವರಲ್ಲಿ ಕುಗ್ಗಿದ್ದು ಶೇ. 1 ಜನರಲ್ಲಿ ಮಾತ್ರ, ಮತ್ತು ಅವರಿಗೆ ಕಿಮೋ ಕೊಟ್ಟಿದ್ದರೆ ಹೆಚ್ಚು ಅನುಕೂಲವಾಗುತ್ತಿತ್ತು. ಪರೀಕ್ಷೆಯ ಹಣ ಉಳಿಸಲು ಹೋಗಿ ತಿಂಗಳುಗಟ್ಟಲೆ ಕೆಲಸಕ್ಕೆ ಬಾರದ ಮಾತ್ರೆ ನುಂಗಿದರೆ ಹಣವೂ ಹೋಗುತ್ತದೆ, ಚಿಕಿತ್ಸೆಯ ಸಮಯವೂ ಕಳೆದುಹೋಗುತ್ತದೆ.

ಎಲ್ಲರಿಗೂ ನೂರಾರು ಜೀನುಗಳ ದೊಡ್ಡ ಪರೀಕ್ಷೆ ಬೇಕೇ ಎಂದರೆ, ಬೇಡ. “ಈ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನನ್ನ ಚಿಕಿತ್ಸೆ ಬದಲಾಗುತ್ತದೆಯೇ, ಬದಲಾದರೆ ಆ ಔಷಧಿ ನಮಗೆ ಸಿಗುತ್ತದೆಯೇ?” ಎಂದು ವೈದ್ಯರನ್ನು ಕೇಳಿ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಪರೀಕ್ಷೆಯನ್ನು ಕೈಬಿಡಬಹುದು.

ನಮ್ಮ ಕಡೆ ಜಾಸ್ತಿ ಬಾಯಿ ಕ್ಯಾನ್ಸರ್. ಅದಕ್ಕೇನಾದರೂ ಹೊಸದು ಬಂದಿದೆಯಾ?

ಬಂದಿದೆ, ಮತ್ತು ಅದರಲ್ಲಿ ಎರಡು ಮುಖ್ಯ ಸಂಗತಿಗಳು ಭಾರತದಲ್ಲೇ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಸಾಬೀತಾದವು.

ಮೊದಲನೆಯದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣಿಸದಿದ್ದರೆ, ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂಬ ವಾದ ದಶಕಗಳ ಕಾಲ ನಡೆದಿತ್ತು. 2015ರಲ್ಲಿ ಪ್ರಕಟವಾದ ಟಾಟಾ ಅಧ್ಯಯನದಲ್ಲಿ ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಶೇ. 80 ಜನ ಬದುಕಿದ್ದರು, ಕಾದು ನೋಡಿದವರಲ್ಲಿ ಶೇ. 67.5. ಯಾವ ಹೊಸ ಔಷಧಿಯೂ ಇಲ್ಲದೆ, ಆಪರೇಷನ್ನಿನ ಸಮಯವನ್ನು ಸರಿಪಡಿಸಿದ್ದರಿಂದ ಸಿಕ್ಕ ಲಾಭ ಇದು. ಆದ್ದರಿಂದ “ಕುತ್ತಿಗೆಯಲ್ಲಿ ಏನೂ ಇಲ್ಲವಲ್ಲ, ಅದನ್ನೇಕೆ ಕೊಯ್ಯುತ್ತೀರಿ” ಎಂದು ಹಿಂಜರಿಯುವ ಮುನ್ನ ಈ ಅಂಕಿಗಳನ್ನು ನೆನೆಯಿರಿ.

ಎರಡನೆಯದು ಇಮ್ಯುನೋಥೆರಪಿಯ ಪ್ರಮಾಣಕ್ಕೆ ಸಂಬಂಧಿಸಿದ್ದು. ನಿವೊಲುಮ್ಯಾಬ್ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಅದರ ಬೆಲೆ ನಮ್ಮ ಬಹುಪಾಲು ರೋಗಿಗಳ ಊಹೆಗೂ ನಿಲುಕದ್ದು. ಟಾಟಾ ವೈದ್ಯರು, ಗುಣಪಡಿಸಲಾಗದ ಹಂತ ತಲುಪಿದ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಗ್ಗದ ಮಾತ್ರೆಗಳ ಚಿಕಿತ್ಸೆಯ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ಒಂದು ವರ್ಷದ ಬಳಿಕ ಬದುಕಿದ್ದವರ ಪ್ರಮಾಣ ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 16 ಇದ್ದರೆ, ಇಂಜೆಕ್ಷನ್ ಸೇರಿಸಿಕೊಂಡವರಲ್ಲಿ ಶೇ. 43 ಆಯಿತು. ಇದು 151 ರೋಗಿಗಳ ಸಣ್ಣ ಅಧ್ಯಯನ. ಪೂರ್ಣ ಪ್ರಮಾಣದ ಇಂಜೆಕ್ಷನ್ ಜೊತೆ ನೇರ ಹೋಲಿಕೆ ಅದರಲ್ಲಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಪೂರ್ಣ ಪ್ರಮಾಣ ಕೊಳ್ಳಲಾಗದವರಿಗೆ ಏನೂ ಇಲ್ಲ ಎಂಬ ಸ್ಥಿತಿಯನ್ನು ಅದು ಬದಲಿಸಿತು. ನಿಮ್ಮ ವೈದ್ಯರ ಬಳಿ ಕಡಿಮೆ ಪ್ರಮಾಣದ ಇಮ್ಯುನೋಥೆರಪಿಯ ಬಗ್ಗೆ ಧೈರ್ಯವಾಗಿ ಕೇಳಿ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಈ ಮಾತು ನೋವು ಕೊಡುತ್ತದೆ ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ. ಬಾಯಿಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ತೋರಿಸಿಕೊಳ್ಳಿ. ತಿರುವನಂತಪುರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ, ಆರೋಗ್ಯ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿದ್ದರಿಂದಲೇ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು.

ಮೊದಲು ನಾಟಿ ಔಷಧಿ ನೋಡಿ, ಆಗದಿದ್ದರೆ ಆಸ್ಪತ್ರೆಗೆ ಹೋದರಾಯಿತು ಅಲ್ಲವೇ?

ಈ ಕ್ರಮದಿಂದ ಬಹಳ ಜೀವಗಳು ಹೋಗಿವೆ. ಗುಣಪಡಿಸಬಹುದಾದ ಹಂತದಲ್ಲಿದ್ದೂ ಆಧುನಿಕ ಚಿಕಿತ್ಸೆಯ ಬದಲು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡವರ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ ತೋರಿಸಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಬೇರೆ ಏನನ್ನಾದರೂ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ. ಕೆಲವು ಕಷಾಯ ಮತ್ತು ಭಸ್ಮಗಳು ಯಕೃತ್ತಿಗೆ ಹಾನಿ ಮಾಡಿ ಕಿಮೋ ನಿಲ್ಲಿಸಬೇಕಾದ ಸ್ಥಿತಿ ತರುತ್ತವೆ.

## ಹಣದ ಪ್ರಶ್ನೆ

ಡಾಕ್ಟರು ದುಬಾರಿ ಇಂಜೆಕ್ಷನ್ ಬರೆದಿದ್ದಾರೆ. ಜಮೀನು ಮಾರಿಯಾದರೂ ಕೊಡಿಸಬೇಕಾ?

ಈ ಪ್ರಶ್ನೆ ಕೇಳುವವರ ದನಿಯಲ್ಲಿರುವ ಸಂಕಟವನ್ನು ಯಾವ ಅಂಕಿಯೂ ಕಡಿಮೆ ಮಾಡದು. ಆದರೂ ತೀರ್ಮಾನಕ್ಕೆ ಮೊದಲು ತಿಳಿಯಬೇಕಾದದ್ದಿದೆ.

ಇಂಜೆಕ್ಷನ್ ಕಾಯಿಲೆಯನ್ನು ಗುಣಪಡಿಸಲೆಂದು ಕೊಡುವಂಥದ್ದೇ, ಅಥವಾ ಆಯುಷ್ಯವನ್ನು ಕೆಲವು ತಿಂಗಳು ಹೆಚ್ಚಿಸಲೆಂದೇ ಎಂಬುದನ್ನು ಮೊದಲು ಕೇಳಿ. ಹೆರ್-2 ಪಾಸಿಟಿವ್, ಅಂದರೆ ಕೋಶಗಳ ಮೇಲೆ ಹೆರ್-2 ಎಂಬ ಪ್ರೋಟೀನ್ ಹೆಚ್ಚಾಗಿರುವ ಸ್ತನ ಕ್ಯಾನ್ಸರ್ ಆರಂಭದ ಹಂತದಲ್ಲಿರುವಾಗ ಕಿಮೋ ಜೊತೆ ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೊಟ್ಟರೆ ಹತ್ತು ವರ್ಷದ ಬಳಿಕ ಬದುಕಿರುವವರ ಪ್ರಮಾಣ ಶೇ. 75ರಿಂದ 84ಕ್ಕೆ ಏರುತ್ತದೆ. ಇಂಥ ಔಷಧಿಗೆ ಸಾಲ ಮಾಡುವುದರಲ್ಲಿ ಅರ್ಥವಿದೆ. ಈಗ ಅದರ ಬೆಲೆಯೂ ಇಳಿದಿದೆ. ಬೆಂಗಳೂರಿನ ಬಯೋಕಾನ್ ಕಂಪನಿ ಅಭಿವೃದ್ಧಿಪಡಿಸಿದ ಇದರ ಬಯೋಸಿಮಿಲರ್ ರೂಪ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು, 2017ರಲ್ಲಿ ಅಮೆರಿಕದ ಅನುಮತಿಯನ್ನೂ ಪಡೆಯಿತು. ಬಯೋಸಿಮಿಲರ್ ಎಂದರೆ ಮೂಲ ಔಷಧಿಯಂತೆಯೇ ಕೆಲಸ ಮಾಡುವಂತೆ ಬೇರೆ ಕಂಪನಿ ತಯಾರಿಸಿದ ಔಷಧಿ, ಅದು ಕಳಪೆ ನಕಲು ಎಂಬ ಭಯ ಬೇಡ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಒಂದೂವರೆ ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮತ್ತು ಕಲಬುರಗಿಯ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇವುಗಳಲ್ಲಿ ವಿಚಾರಿಸದೆ ಜಮೀನಿನ ಮಾತು ಎತ್ತಬೇಡಿ. ದೇಶದ ನೂರಾರು ಕ್ಯಾನ್ಸರ್ ಆಸ್ಪತ್ರೆಗಳು ಸೇರಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಒಟ್ಟಾಗಿ ಖರೀದಿಸುವ ಮೂಲಕ ಹಲವು ಔಷಧಿಗಳ ದರವನ್ನು ಬಹಳಷ್ಟು ಇಳಿಸಿದೆ. ಆದ್ದರಿಂದ ಒಂದೇ ಔಷಧಿಗೆ ಎರಡು ಆಸ್ಪತ್ರೆಗಳಲ್ಲಿ ಎರಡು ದರ ಇರುವುದು ಸಾಮಾನ್ಯ.

ಕೆಲವೇ ವಾರಗಳ ಆಯುಷ್ಯವನ್ನು ಕೂಡಿಸುವ ಔಷಧಿಗೆ ಮಕ್ಕಳ ಓದು ಮತ್ತು ಇರುವ ಒಂದೇ ಮನೆಯನ್ನು ಒತ್ತೆಯಿಡದೇ ಇರುವುದು ರೋಗಿಗೆ ಮಾಡುವ ದ್ರೋಹವಲ್ಲ. ಆ ನಿರ್ಧಾರದಲ್ಲಿ ರೋಗಿಯನ್ನೂ ಸೇರಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ಕಾಯಿಲೆಯ ಹೆಸರನ್ನೂ ಅವರಿಂದ ಮುಚ್ಚಿಡುವ ರೂಢಿಯಿದೆ. ಆದರೆ ಬಹುತೇಕ ರೋಗಿಗಳಿಗೆ ಅದು ಗೊತ್ತಿರುತ್ತದೆ.

## ಇನ್ನಷ್ಟು ಆಳಕ್ಕೆ

“ಕಾಯಿಲೆ ಉಲ್ಬಣಿಸುವ ಅಪಾಯ ಶೇ. 40 ಕಡಿಮೆ” ಅಂತ ಓದಿದೆ. ಅಂದರೆ ನೂರರಲ್ಲಿ ನಲವತ್ತು ಜನ ಹೆಚ್ಚಾಗಿ ಉಳಿದರು ಅಂತಲೇ?

ಅಲ್ಲ. ಹೋಲಿಸಿದ ಚಿಕಿತ್ಸೆಗಿಂತ ಕಾಯಿಲೆ ಉಲ್ಬಣಿಸುವ ಅಪಾಯ ಎಷ್ಟು ಇಳಿಯಿತು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ, ಎಷ್ಟು ಜನ ಬದುಕುಳಿದರು ಎಂಬುದನ್ನಲ್ಲ. ಗಡ್ಡೆ ಬೆಳೆಯದೆ ಉಳಿದ ಅವಧಿ ಒಂದು ಅಳತೆ, ರೋಗಿ ಬದುಕಿದ್ದ ಒಟ್ಟು ಅವಧಿ ಇನ್ನೊಂದು ಅಳತೆ, ಮತ್ತು ಮೊದಲನೆಯದು ಹೆಚ್ಚಿದಾಗ ಎರಡನೆಯದೂ ಹೆಚ್ಚಲೇಬೇಕೆಂದಿಲ್ಲ. ಬೆವಾಸಿಜುಮ್ಯಾಬ್ ಔಷಧಿಗೆ ಹರಡಿದ ಸ್ತನ ಕ್ಯಾನ್ಸರಿನಲ್ಲಿ 2008ರಲ್ಲಿ ಅಮೆರಿಕದಲ್ಲಿ ತ್ವರಿತ ಅನುಮತಿ ಸಿಕ್ಕಿದ್ದು ಮೊದಲ ಅಳತೆಯ ಆಧಾರದ ಮೇಲೆ. ಮುಂದಿನ ಅಧ್ಯಯನಗಳಲ್ಲಿ ಅದು ಆಯುಷ್ಯ ಹೆಚ್ಚಿಸಿದ್ದಾಗಲೀ ಬದುಕಿನ ಗುಣಮಟ್ಟ ಸುಧಾರಿಸಿದ್ದಾಗಲೀ ಕಾಣದೆ, ಗಂಭೀರ ಅಡ್ಡ ಪರಿಣಾಮಗಳು ಕಂಡಿದ್ದರಿಂದ 2011ರಲ್ಲಿ ಆ ಅನುಮತಿಯನ್ನು ಹಿಂಪಡೆಯಲಾಯಿತು. ಹೊಸ ಔಷಧಿಯ ಸುದ್ದಿ ಓದುವಾಗ ಬದುಕಿದ ಕಾಲ ಎಷ್ಟು ಹೆಚ್ಚಿತು, ಎಷ್ಟು ತಿಂಗಳು, ಯಾವ ಚಿಕಿತ್ಸೆಗೆ ಹೋಲಿಸಿ ಎಂಬ ವಿವರ ಇದೆಯೇ ಎಂದು ಹುಡುಕಿ.

ಇದರರ್ಥ ದೊಡ್ಡ ಲಾಭಗಳೇ ಇಲ್ಲ ಎಂದಲ್ಲ. ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಹಿಂದೆ ಅರ್ಧದಷ್ಟು ರೋಗಿಗಳು ಒಂದು ವರ್ಷವನ್ನೂ ದಾಟುತ್ತಿರಲಿಲ್ಲ. ಎರಡು ಇಮ್ಯುನೋಥೆರಪಿ ಔಷಧಿಗಳನ್ನು ಒಟ್ಟಿಗೆ ಪಡೆದವರಲ್ಲಿ ಶೇ. 43 ಜನ ಹತ್ತು ವರ್ಷದ ಬಳಿಕವೂ ಬದುಕಿದ್ದರು ಎಂಬ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಐದು ವರ್ಷ ಬದುಕುಳಿಯುವವರ ಪ್ರಮಾಣ ಹೆಚ್ಚಾಗಿದೆ ಎಂದರೆ ಚಿಕಿತ್ಸೆ ಸುಧಾರಿಸಿದೆ ಎಂದೇ ಅರ್ಥವಲ್ಲವೇ?

ಯಾವಾಗಲೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯ ತಪಾಸಣೆಯ ಜೊತೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸುವುದು ವ್ಯಾಪಕವಾದ ಮೇಲೆ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 1993ರಿಂದ 2011ರ ನಡುವೆ ಹದಿನೈದು ಪಟ್ಟು ಹೆಚ್ಚಿತು. ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸವಾಗಲಿಲ್ಲ. ಎಂದೂ ತೊಂದರೆ ಕೊಡದ ಪುಟ್ಟ ಗಡ್ಡೆಗಳೂ ಪಟ್ಟಿಗೆ ಸೇರಿದ್ದರಿಂದ ಬದುಕುಳಿಯುವ ಪ್ರಮಾಣ ಉತ್ತಮವಾಗಿ ಕಂಡಿತು, ಸಾವಿರಾರು ಜನ ಬೇಡದ ಆಪರೇಷನ್ನಿಗೆ ಒಳಗಾದರು. ಜನಸಮುದಾಯದಲ್ಲಿ ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಇಳಿದಿದೆಯೇ ಎಂಬುದು ಹೆಚ್ಚು ನಂಬಬಹುದಾದ ಅಳತೆ.

ಕಾರ್-ಟಿ ಚಿಕಿತ್ಸೆ ಭಾರತದಲ್ಲೇ ಸಿಗುತ್ತದಂತೆ. ನಮ್ಮ ರೋಗಿಗೆ ಕೊಡಿಸಬಹುದಾ?

ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಅವುಗಳ ಜೀನ್ ಬದಲಿಸಿ ಮರಳಿ ದೇಹಕ್ಕೆ ಸೇರಿಸುವುದೇ ಕಾರ್-ಟಿ. ಐಐಟಿ ಬಾಂಬೆಯಲ್ಲಿ ಹುಟ್ಟಿ ಟಾಟಾ ಮೆಮೋರಿಯಲ್‌ನಲ್ಲಿ ಪರೀಕ್ಷೆಗೊಳಪಟ್ಟ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರಲ್ಲಿ ಬಂದಿತು. ಅಮೆರಿಕದಲ್ಲಿ ಇಂಥ ಮೊದಲ ಚಿಕಿತ್ಸೆಯ ಘೋಷಿತ ಬೆಲೆ 4,75,000 ಡಾಲರ್ ಇತ್ತು. ಇಲ್ಲಿ ಅದು ಅದರ ಒಂದು ಸಣ್ಣ ಭಾಗವಾದರೂ ಹತ್ತಾರು ಲಕ್ಷ ರೂಪಾಯಿಗಳ ಖರ್ಚು ತಪ್ಪುವುದಿಲ್ಲ.

ಸದ್ಯ ಇವು ಬಿ-ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮತ್ತು ಲ್ಯುಕೇಮಿಯಾಗಳಿಗೆ, ಅದರಲ್ಲೂ ಉಳಿದ ಚಿಕಿತ್ಸೆಗಳು ವಿಫಲವಾದಾಗ, ಬಳಕೆಯಾಗುವಂಥವು. ಸ್ತನ, ಹೊಟ್ಟೆ, ಬಾಯಿ, ಶ್ವಾಸಕೋಶಗಳ ಕ್ಯಾನ್ಸರಿಗೆ ಇವುಗಳಿಂದ ಪ್ರಯೋಜನವಿಲ್ಲ. ನೆಕ್ಸ್‌ಕಾರ್-19 ಪಡೆದವರಲ್ಲಿ ಶೇ. 73 ಜನರಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಆದರೆ ಅವರಲ್ಲಿ ಎಲ್ಲರಿಗೂ ಅದು ಶಾಶ್ವತವಾಗಿ ಉಳಿಯಲಿಲ್ಲ.

ಟ್ರಯಲ್‌ಗೆ ಸೇರಿಸಿಕೊಳ್ಳುತ್ತೇವೆ ಅಂತಾರೆ. ನಮ್ಮನ್ನು ಪ್ರಯೋಗಕ್ಕೆ ಬಳಸಿಕೊಳ್ಳುತ್ತಾರಾ?

ಅಧ್ಯಯನ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಯಾವಾಗ ಬೇಕಾದರೂ ಹೊರಬರುವುದೂ ನಿಮ್ಮ ಹಕ್ಕು. ಟ್ರಯಲ್‌ನಿಂದಾದ ಹಾನಿಗೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಮೇಲೆ ಹೇಳಿದ ಕಡಿಮೆ ಪ್ರಮಾಣದ ನಿವೊಲುಮ್ಯಾಬ್ ಕೂಡ ಹೀಗೆ ಒಪ್ಪಿ ಸೇರಿದ ರೋಗಿಗಳಿಂದಲೇ ನಮಗೆ ತಿಳಿದದ್ದು.

ಪ್ಯಾಲಿಯೇಟಿವ್ ವಿಭಾಗಕ್ಕೆ ಬರೆದುಕೊಟ್ಟರು. ಅಂದರೆ ಡಾಕ್ಟರು ಕೈಬಿಟ್ಟರು ಎಂದೇ ಅಲ್ಲವೇ?

ಅಲ್ಲ. ಪ್ಯಾಲಿಯೇಟಿವ್ ಎಂದರೆ ನೋವು ಮತ್ತು ಸಂಕಟವನ್ನು ಶಮನಗೊಳಿಸುವ ಆರೈಕೆ. ಕೈಬಿಟ್ಟರು ಎಂದು ತಿಳಿಯುವುದರಿಂದ ರೋಗಿಗಳು ಅನಾವಶ್ಯಕವಾಗಿ ನರಳುತ್ತಾರೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಮೊದಲಿನಿಂದಲೇ ಕಿಮೋ ಜೊತೆಗೆ ಪ್ಯಾಲಿಯೇಟಿವ್ ಆರೈಕೆಯನ್ನೂ ಕೊಟ್ಟ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆ ರೋಗಿಗಳಿಗೆ ಖಿನ್ನತೆ ಕಡಿಮೆ ಇತ್ತು, ಕೊನೆಯ ದಿನಗಳಲ್ಲಿ ಕಠಿಣ ಚಿಕಿತ್ಸೆಗಳಿಗೆ ಒಳಗಾದದ್ದೂ ಕಡಿಮೆ, ಹಾಗಿದ್ದೂ ಅವರ ಸರಾಸರಿ ಆಯುಷ್ಯ ಸುಮಾರು 9 ತಿಂಗಳ ಬದಲು 11.6 ತಿಂಗಳಾಗಿತ್ತು. ಯಾವುದಾದರೂ ಹೊಸ ಔಷಧಿ ಇಷ್ಟು ಲಾಭ ತೋರಿಸಿದ್ದರೆ ಅದು ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿತ್ತು.

ನೋವಿಗೆ ಮಾರ್ಫೀನ್ ಮಾತ್ರೆ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಅದನ್ನು ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳಲು 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ದೊರೆಯುತ್ತದೆ, ಅವರ ತಂಡ ಮನೆಗೂ ಬರುತ್ತದೆ. ಬೇರೆ ಊರಿನವರು ತಮ್ಮ ಆಸ್ಪತ್ರೆಯ ನೋವು ಶಮನ ವಿಭಾಗದಲ್ಲಿ ವಿಚಾರಿಸಬಹುದು. ನೋವು ತಡೆಯಲಾರದಷ್ಟು ಆದ ಮೇಲೆ ಹೋಗುವುದಕ್ಕಿಂತ, ಚಿಕಿತ್ಸೆ ನಡೆಯುತ್ತಿರುವಾಗಲೇ ಹೋಗಿ ಹೆಸರು ನೋಂದಾಯಿಸಿಕೊಳ್ಳುವುದು ಒಳ್ಳೆಯದು.